ಘನ ವಾಹನಗಳಿಗೆ ಪ್ರವೇಶವಿಲ್ಲ

ಹಾಸ್ಟೆಲ್ ಗೆಳೆಯರೇ,

ಸೇತುವೆ ಮುರಿದು ಬಿದ್ದರೆ ಅದು ಸುದ್ದಿ. ಮಂತ್ರಿ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಸತ್ತವರ ಹೆಸರಿಗೆ ಪರಿಹಾರ ಸಾರುತ್ತಾರೆ. ಆದರೆ ಸೇತುವೆ ಬೀಳದೆ, ಸುಮ್ಮನೆ ಮುಚ್ಚಿಹೋದರೆ? ಎರಡು ಕಡೆಗೂ ಕಂಬ ನೆಟ್ಟು, ಒಂದು ಬೋರ್ಡು ತಗುಲಿಸಿ, ಅಧಿಕಾರಿಗಳು ಜೀಪು ಹತ್ತಿ ಹೋಗಿಬಿಟ್ಟರೆ? ಮೊದಲನೇ ದಿನ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು. ಎರಡನೇ ದಿನದಿಂದ ಅದೂ ಇಲ್ಲ. ತಿಂಗಳು ಕಳೆಯುತ್ತೆ, ಮಳೆಗಾಲ ಕಳೆಯುತ್ತೆ, ಪರೀಕ್ಷೆ ಬಂದು ಹೋಗುತ್ತೆ. ಕಂಬ ಅಲ್ಲೇ ಇರುತ್ತೆ. ಬೋರ್ಡಿನ ಬಣ್ಣ ಮಾತ್ರ ಮಾಸುತ್ತೆ.

ಸೇತುವೆ ಇಂಜಿನಿಯರುಗಳ ವಿಷಯ, ದಲಿತ ಚಳವಳಿಗೂ ಸಿಮೆಂಟಿಗೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಆ ಬೋರ್ಡಿನ ಮೇಲೇ ಬರೆದಿದೆ. ಓದಿ ನೋಡಿ: ಘನ ವಾಹನಗಳ ಸಂಚಾರ ನಿಷೇಧಿಸಲಾಗಿದೆ.

ಘನ ವಾಹನ ಅಂದರೆ ಯಾವುದು? ಲಾರಿ, ಟಿಪ್ಪರು, ಮತ್ತೆ ಬಸ್ಸು. ಲಘು ವಾಹನ ಅಂದರೆ ಯಾವುದು? ಕಾರು, ಜೀಪು. ಕನ್ನಡದಲ್ಲಿ ಘನ ಅನ್ನುವ ಮಾತಿಗೆ ತೂಕ ಮಾತ್ರ ಅರ್ಥವಲ್ಲ. ಘನವಂತರು, ಘನತೆವೆತ್ತವರು ಅಂತಲೂ ಇದೆ. ಹಾಗೆ ಓದಿದರೆ ಬೋರ್ಡು ತಲೆಕೆಳಗಾಗುತ್ತೆ. ಘನವಂತರು ಕೂರುವ ವಾಹನಕ್ಕೆ ಲಘು ಅಂತ ಹೆಸರು; ಅದು ದಾಟಬಹುದು. ಯಾರನ್ನು ಈ ವ್ಯವಸ್ಥೆ ಹಗುರವಾಗಿ ಕಂಡಿದೆಯೋ ಆ ಜನ ಕೂರುವ ಬಸ್ಸಿಗೆ ಘನ ಅಂತ ಹೆಸರು, ಅದು ದಾಟಬಾರದು. ಸರ್ಕಾರ ಸೇತುವೆ ಮುಚ್ಚಿದೆ ಅಂತ ನಾವು ಅಂತೀವಿ. ಪೂರ್ತಿ ಮುಚ್ಚಿಲ್ಲ. ಬಸ್ಸಿನಲ್ಲಿ ಹೋಗುವವರಿಗೆ ಮಾತ್ರ ಮುಚ್ಚಿದೆ.

ಇದು ಪದದ ಆಟವಲ್ಲ. ದಕ್ಷಿಣ ಕನ್ನಡದಲ್ಲಿ ಫಲ್ಗುಣಿ ನದಿಯ ಮೇಲೆ ಪೊಳಲಿಗೂ ಅಡ್ಡೂರಿಗೂ ನಡುವೆ ಒಂದು ಸೇತುವೆ ಇದೆ. ಈಚೆ ಬಂಟ್ವಾಳ ತಾಲೂಕು, ಆಚೆ ಮಂಗಳೂರು ತಾಲೂಕು. 2024ರ ಆಗಸ್ಟ್‌ನಲ್ಲಿ ಅದರ ಮೇಲೆ ಘನ ವಾಹನಗಳ ಸಂಚಾರ ನಿಷೇಧವಾಯಿತು. ಲಾರಿಯ ಜೊತೆ ಬಸ್ಸೂ ನಿಂತಿತು. ಅದೇ ನದಿಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಮೂಲರಪಟ್ನ. ಅಲ್ಲಿಯ ಸೇತುವೆ 2018ರ ಜೂನ್ 25ರಂದು ನಡುವೆ ಮುರಿದು ನದಿಗೆ ಬಿತ್ತು. ಬುಡದ ಮರಳು ಬಗೆದದ್ದೇ ಕಾರಣ ಅಂತ ಊರವರು ದೂರಿದರು. ಮರಳು ಹೋಗಿದ್ದು ಪಟ್ಟಣದ ಕಟ್ಟಡಗಳಿಗೆ. ದಾರಿ ಹೋಗಿದ್ದು ಹಳ್ಳಿಯವರದು.

ಇದರ ಪಕ್ಕಕ್ಕೆ ಇನ್ನೊಂದು ಸೇತುವೆಯನ್ನು ಇಟ್ಟು ನೋಡಿ. ಕಾರವಾರದ ಹತ್ತಿರ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದ. ಅದು ರಾಷ್ಟ್ರೀಯ ಹೆದ್ದಾರಿ 66. ಪಕ್ಕದಲ್ಲೇ ಹೊಸ ಸೇತುವೆ ಆಗಲೇ ಕಟ್ಟಿ ಇತ್ತು. ಹಳೇದು ಬಿದ್ದರೂ ಹೆದ್ದಾರಿ ನಿಲ್ಲಲಿಲ್ಲ. ಸಂತೋಷ. ಆದರೆ ಹಳ್ಳಿ ದಾರಿಯ ಸೇತುವೆ ಪಕ್ಕದಲ್ಲಿ ಎರಡನೇದು ಯಾವತ್ತಾದರೂ ಕಟ್ಟಿದ್ದುಂಟಾ? ಹೆದ್ದಾರಿಗೆ ಜೋಡಿ ಸೇತುವೆ, ಕೇರಿಗೆ ಜೋಡಿ ಕಾಲು. ಇದು ಈ ದೇಶದ ಯೋಜನೆ.

ಮುಚ್ಚಿದ ಸೇತುವೆಯ ಬೆಲೆ ಎಷ್ಟು? ಇಲಾಖೆ ಬರೆಯುವುದು ರಿಪೇರಿಯ ಅಂದಾಜು ಪಟ್ಟಿ. ಸಿಮೆಂಟು ಇಷ್ಟು, ಕಬ್ಬಿಣ ಇಷ್ಟು, ಕಂಟ್ರಾಕ್ಟರಿಗೆ ಇಷ್ಟು. ನಮ್ಮ ಪಟ್ಟಿ ಬೇರೆ.

ಸುತ್ತು ದಾರಿ ಒಂದು ಬದಿಗೆ 20 ಕಿ.ಮೀ. ಹೆಚ್ಚಾಯಿತು ಅಂತ ಇಟ್ಟುಕೊಳ್ಳಿ. ಹೋಗಿ ಬರುವುದಕ್ಕೆ 40. ತಿಂಗಳಿಗೆ 25 ದಿನ ಕಾಲೇಜು ಅಂದರೆ 1000 ಕಿ.ಮೀ. ಬೀದರಿನಿಂದ ಚಾಮರಾಜನಗರಕ್ಕಿರುವ ದಾರಿಗಿಂತ ಹೆಚ್ಚು. ಒಬ್ಬ ಪಿಯುಸಿ ಹುಡುಗ ಪ್ರತಿ ತಿಂಗಳೂ ಈ ರಾಜ್ಯವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯುತ್ತಾನೆ. ಆದರೆ ಅವನು ತಲುಪುವುದು ತನ್ನೂರಿನ ಎದುರುದಂಡೆಯ ಕಾಲೇಜಿಗೆ! ಅದೂ ಮೊದಲನೇ ಪೀರಿಯಡ್ಡು ಮುಗಿದ ಮೇಲೆ.

ಇನ್ನು ಬಸ್ ಪಾಸು. ಪಾಸಿನ ಮೇಲೆ ಇಂಥ ಊರಿಂದ ಇಂಥ ಊರಿಗೆ, ಇಂಥ ದಾರಿ ಅಂತ ಬರೆದಿರುತ್ತೆ. ದಾರಿಯೇ ಬದಲಾದರೆ ಪಾಸಿನ ಗತಿ ಏನು? ಒಬ್ಬ ಕಂಡಕ್ಟರು ಬಿಡುತ್ತಾನೆ, ಇನ್ನೊಬ್ಬ ಇಳಿಸುತ್ತಾನೆ. ಹುಡುಗರ ಓದು ಕಂಡಕ್ಟರನ ಅವತ್ತಿನ ಮೂಡಿನ ಮೇಲೆ ನಿಲ್ಲುತ್ತೆ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ನೂರಕ್ಕೆ 15 ಏರಿತು. ಸುತ್ತು ದಾರಿಗೆ ಸ್ಟೇಜು ಹೆಚ್ಚು, ಸ್ಟೇಜಿಗೆ ದರ ಹೆಚ್ಚು. ಹೊಳೆ ದಾಟಿ ಕೂಲಿಗೆ ಹೋಗುವ ಅಪ್ಪನ ಜೇಬಿನಿಂದ ಎರಡು ಸಲ ಕಿತ್ತುಕೊಂಡ ಹಾಗೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಅವ್ವಂದಿರು, ಅಕ್ಕಂದಿರು ಗಂಡನ್ನ ಕಾಸು ಕೇಳದೆ ಊರು ಬಿಟ್ಟು ಹೊರಗೆ ಬಂದರು. ಅದು ಸಣ್ಣ ಮಾತಲ್ಲ, ನಾವು ಅದನ್ನು ಹಗುರ ಮಾಡುವುದಿಲ್ಲ. ಆದರೆ ಬಸ್ಸೇ ಬಾರದ ಊರಲ್ಲಿ ಪುಕ್ಕಟೆ ಟಿಕೆಟ್ಟನ್ನು ಏನು ಮಾಡಬೇಕು? ಆಟೋದವನಿಗೆ ತೋರಿಸಬೇಕಾ? ಖಾಸಗಿ ಟೆಂಪೋದಲ್ಲಿ ಅದು ನಡೆಯುತ್ತಾ? ಸೇತುವೆ ಮುಚ್ಚಿದ ದಿನವೇ ಆ ದಂಡೆಯ ಹೆಂಗಸರ ಪಾಲಿಗೆ ಶಕ್ತಿ ಯೋಜನೆಯೂ ಮುಚ್ಚಿತು. ಅದಕ್ಕೆ ಯಾರೂ ಆದೇಶ ಹೊರಡಿಸಲಿಲ್ಲ. ತಾನಾಗಿ ಮುಚ್ಚಿಕೊಂಡಿತು.

ಆಮೇಲೆ ಹಾಜರಿ. ನೂರಕ್ಕೆ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ವಿದ್ಯಾರ್ಥಿವೇತನಕ್ಕೂ ಕುತ್ತು. ಹಾಜರಿ ಪುಸ್ತಕದಲ್ಲಿ ಗೈರು ಅಂತ ಒಂದೇ ಪದ ಇರುತ್ತೆ. ಸಿನಿಮಾಕ್ಕೆ ಹೋದವನೂ ಗೈರು, ಸೇತುವೆ ಇಲ್ಲದೆ ಬಾರದವನೂ ಗೈರು. ಮೊದಲು ಶಾಲೆ ಬಿಡುವುದು ಯಾರು ಅಂತ ನಮಗೆ ಗೊತ್ತು. ಹುಡುಗಿ. ಕತ್ತಲಾದ ಮೇಲೆ ಮನೆ ಮುಟ್ಟುವುದಾದರೆ ಓದಿದ್ದು ಸಾಕು ಅನ್ನುತ್ತಾರೆ ಮನೆಯಲ್ಲಿ. ಅಪ್ಪ ಅವ್ವ ಕೆಟ್ಟವರಲ್ಲ. ಕತ್ತಲಲ್ಲಿ ನಡೆದು ಬರುವ ಕೇರಿ ಹುಡುಗಿಗೆ ದಾರಿಯಲ್ಲಿ ಏನಾಗಬಹುದು ಅಂತ ಅವರಿಗೆ ಅನುಭವದಿಂದ ಗೊತ್ತು. ಇಂಜಿನಿಯರು ಸೇತುವೆಯ ಬಿರುಕು ಅಳೆದ. ಈ ಬಿರುಕನ್ನು ಅಳೆಯುವ ಸ್ಕೇಲು ಯಾವ ಇಲಾಖೆಯಲ್ಲಿದೆ?

ಪಟ್ಟಿ ಇನ್ನೂ ಇದೆ. ನ್ಯಾಯಬೆಲೆ ಅಂಗಡಿಗೆ ಅಕ್ಕಿ ತರುವ ಲಾರಿ ಘನ ವಾಹನ. ಗುಡಿಸಲಿಗೆ ಬೆಂಕಿ ಬಿದ್ದರೆ ಬರಬೇಕಾದ ಅಗ್ನಿಶಾಮಕದ ವಾಹನ ಘನ ವಾಹನ. ಆಚೆ ದಂಡೆಯಲ್ಲಿ ನಿಂತ 108ರ ಗಾಡಿ ಸೇತುವೆ ಪೂರ್ತಿ ಮುಚ್ಚಿದ ಕಡೆ ಹೊಳೆ ನೋಡಿಕೊಂಡು ನಿಲ್ಲಬೇಕು. ದಿನಗೂಲಿಯವಳು ಒಂದು ಗಂಟೆ ತಡವಾಗಿ ಹೋದರೆ ಯಜಮಾನ ಅರ್ಧ ಕೂಲಿ ಹಿಡಿಯುತ್ತಾನೆ. ಸೇತುವೆ ಮುಚ್ಚಿದ್ದು ಅವನಿಗೆ ನೆಪ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದವರಿಗೆ ಇದು ಹೊಳೆದಿತ್ತು. ಕೆಲಸದ ಜಾಗ 5 ಕಿ.ಮೀ. ಮೀರಿ ದೂರ ಇದ್ದರೆ ಕೂಲಿಯ ಮೇಲೆ ನೂರಕ್ಕೆ 10 ಹೆಚ್ಚು ಕೊಡಬೇಕು ಅಂತ ಅದರಲ್ಲಿ ಬರೆದಿದ್ದರು. ದೂರಕ್ಕೂ ಬೆಲೆ ಇದೆ, ಆ ಬೆಲೆಯನ್ನು ಬಡವನ ಮೇಲೆ ಹೊರಿಸಬಾರದು ಅನ್ನುವ ತತ್ವ ಅದು. ಸೇತುವೆ ಮುಚ್ಚುವಾಗ ಆ ತತ್ವ ಎಲ್ಲಿಗೆ ಹೋಯಿತು?

ಗೆಳೆಯರೇ, ಇಲ್ಲಿಯವರೆಗೆ ಹೇಳಿದ್ದು ಎಲ್ಲ ಬಡವರ ಕಷ್ಟ. ಬಡವ ಯಾವ ಜಾತಿಯವನಾದರೂ ಇದನ್ನು ಅನುಭವಿಸುತ್ತಾನೆ. ಇನ್ನು ಮುಂದೆ ಹೇಳುವುದು ನಮ್ಮದೇ ಕಷ್ಟ.

ಬಸ್ಸು ಅಂದರೆ ಏನು ಅಂತ ನಾವು ಯೋಚಿಸಿದ್ದೀವಾ? ಹಳ್ಳಿಯಲ್ಲಿ ಬಾವಿ ಜಾತಿ ಕೇಳಿತು. ದೇವಸ್ಥಾನ ಕೇಳಿತು. ಹೋಟೆಲಿನ ಲೋಟ ಕೇಳಿತು. ಕ್ಷೌರದಂಗಡಿಯ ಕುರ್ಚಿ ಕೇಳಿತು, ಕೆಲವು ಊರುಗಳಲ್ಲಿ ಇವತ್ತೂ ಕೇಳುತ್ತಿದೆ. ಬಸ್ಸು ಕೇಳಲಿಲ್ಲ. ಟಿಕೆಟ್ಟು ತಗೊಂಡವನಿಗೆ ಸೀಟು. ಗೌಡರ ಪಕ್ಕದಲ್ಲಿ ನಮ್ಮಜ್ಜ ತೊಡೆಗೆ ತೊಡೆ ತಾಗಿಸಿ ಕೂತದ್ದು ಬಸ್ಸಿನಲ್ಲೇ. ಸಂವಿಧಾನದ ಪುಸ್ತಕ ನೋಡದ ಊರಿಗೂ ಸಂವಿಧಾನ ದಿನಕ್ಕೆರಡು ಸಲ ಕೆಂಪು ಬಸ್ಸಿನಲ್ಲಿ ಬಂದು ಹೋಯಿತು.

ಆ ಬಸ್ಸು ನಿಂತರೆ ನಾವು ಏನು ಮಾಡಬೇಕು? ಡ್ರಾಪ್ ಕೇಳಬೇಕು. ಬೈಕು, ಕಾರು, ಟ್ರ್ಯಾಕ್ಟರು ಇರುವುದು ಹೆಚ್ಚಾಗಿ ಯಾರ ಹತ್ತಿರ? ಕೈ ಅಡ್ಡ ಹಾಕಿದರೆ ನಿಲ್ಲಿಸಿ ಮೊದಲು ಕೇಳುವ ಪ್ರಶ್ನೆ ಯಾವುದು? ಯಾವೂರೋ, ಯಾರ ಮಗನೋ, ಯಾವ ಬೀದಿಯೋ. ಬೀದಿ ಹೇಳಿದ ಕೂಡಲೇ ಗೇರು ಬದಲಾಗುವ ಸದ್ದು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ಬಸ್ಸು ಹಕ್ಕು. ಡ್ರಾಪು ದಯೆ. ಸೇತುವೆ ಮುಚ್ಚಿ ಬಸ್ಸು ನಿಲ್ಲಿಸುವುದು ಅಂದರೆ ಹಕ್ಕಿನಿಂದ ನಮ್ಮನ್ನು ಇಳಿಸಿ ದಯೆಯ ಬಾಗಿಲಲ್ಲಿ ನಿಲ್ಲಿಸುವುದು.

ಇದು ಹೊಸ ಕತೆಯಲ್ಲ. 1929ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಬಾಂಬೆ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರಾಗಿ ಖಾನದೇಶದ ಕಡೆ ಹೋಗಿದ್ದರು. ವಾಪಸು ಬರುವಾಗ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿಯ ಮಹಾರವಾಡೆಯ ಜನ ತಮ್ಮಲ್ಲಿ ಒಂದು ರಾತ್ರಿ ಉಳಿಯಬೇಕು ಅಂತ ಹಟ ಮಾಡಿದ್ದರು. ಕರೆದುಕೊಂಡು ಹೋಗಲು ಒಬ್ಬ ಟಾಂಗಾದವನೂ ಒಪ್ಪಲಿಲ್ಲ. ಬ್ಯಾರಿಸ್ಟರ್ ಆದರೇನು, ಅಸ್ಪೃಶ್ಯನಿಗೆ ಗಾಡಿ ಹೊಡೆದರೆ ಅವನ ಮರ್ಯಾದೆ ಹೋಗುತ್ತೆ. ಕೊನೆಗೆ ಒಂದು ಒಪ್ಪಂದ ಆಯಿತು: ಟಾಂಗಾ ಬಾಡಿಗೆಗೆ ಕೊಡುತ್ತೇವೆ, ಹೊಡೆಯುವವನನ್ನು ನೀವೇ ನೋಡಿಕೊಳ್ಳಿ. ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಹಗ್ಗ ಹಿಡಿದ. ದಾರಿಯಲ್ಲಿ ನದಿಗೆ ಒಂದು ಕಲ್ಲಿನ ಸಣ್ಣ ಸೇತುವೆ. ಅದರ ಅಂಚಿನ ಕಲ್ಲಿಗೆ ಚಕ್ರ ಬಡಿದು ಕುದುರೆ, ಗಾಡಿ ನದಿಗೆ ಬಿದ್ದವು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು. ಇದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಹೇಳಿದ್ದಾರೆ.

ಆ ಸೇತುವೆ ಮುಚ್ಚಿರಲಿಲ್ಲ. ಎಲ್ಲರಿಗೂ ತೆರೆದೇ ಇತ್ತು. ಆದರೆ ಅದನ್ನು ದಾಟಿಸುವ ವಾಹನಕ್ಕೆ ಜಾತಿ ಇತ್ತು. ಸೇತುವೆಯ ಕಲ್ಲು ಗಟ್ಟಿ ಇದ್ದರೆ ಸಾಲದು, ಅದರ ಮೇಲೆ ನಮ್ಮನ್ನು ಹಕ್ಕಿನಿಂದ ಒಯ್ಯುವ ಗಾಡಿ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

90 ವರ್ಷ ಕಳೆದ ಮೇಲೆ ಏನಾಯಿತು? 2019ರ ಆಗಸ್ಟ್‌ನಲ್ಲಿ ತಮಿಳುನಾಡಿನ ವಾಣಿಯಂಬಾಡಿ ಹತ್ತಿರದ ನಾರಾಯಣಪುರಂನಲ್ಲಿ ನಮ್ಮವರೊಬ್ಬರ ಹೆಣವನ್ನು ಪಾಲಾರ್ ನದಿಯ ಸೇತುವೆ ಮೇಲಿಂದ ಹಗ್ಗ ಕಟ್ಟಿ ಕೆಳಗೆ ಇಳಿಸಿದರು. ಸುಡುಗಾಡಿಗೆ ಹೋಗುವ ದಾರಿಯನ್ನು ಮೇಲ್ಜಾತಿಯ ಜಮೀನಿನವರು ಮುಚ್ಚಿದ್ದರು. ಮದ್ರಾಸ್ ಹೈಕೋರ್ಟು ತಾನಾಗಿಯೇ ಕೇಸು ಎತ್ತಿಕೊಂಡಿತು. ಆ ದಾರಿ ಮುಚ್ಚುವುದಕ್ಕೆ ಯಾವ ಕಲೆಕ್ಟರೂ ಆದೇಶ ಹೊರಡಿಸಿರಲಿಲ್ಲ. ನಮ್ಮ ಜನಕ್ಕೆ ದಾರಿ ಮುಚ್ಚುವುದು ಯಾವಾಗಲೂ ದೀರ್ಘಾವಧಿಯ ಕಾಮಗಾರಿಯೇ. ಅದಕ್ಕೇ ಸಂವಿಧಾನ ಬರೆಯುವಾಗ 15ನೇ ವಿಧಿಯ ಎರಡನೇ ಭಾಗದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ ರಸ್ತೆ ಅನ್ನುವ ಪದವನ್ನೂ ಸೇರಿಸಿದರು. ಸರ್ಕಾರದ ಹಣದಿಂದ ನಡೆಯುವ ರಸ್ತೆಯನ್ನು ಜಾತಿಯ ಕಾರಣಕ್ಕೆ ಯಾರಿಗೂ ತಡೆಯಬಾರದು. ಸೇತುವೆ ಅಂದರೆ ನೀರಿನ ಮೇಲಿನ ರಸ್ತೆ, ಅಷ್ಟೇ.

ಮುಚ್ಚಿದ ಸೇತುವೆ ವರ್ಷಗಟ್ಟಲೆ ಮುಚ್ಚಿಯೇ ಯಾಕೆ ಇರುತ್ತೆ? ದುಡ್ಡಿಲ್ಲ ಅನ್ನುವುದು ಅರ್ಧ ಸತ್ಯ. ಇನ್ನರ್ಧ ಸತ್ಯ ಹೊಳೆಯಲ್ಲೇ ಇದೆ. ಹೊಳೆ ಅಂದರೆ ಎಷ್ಟೋ ಕಡೆ ಗಡಿ. ಪೊಳಲಿ, ಅಡ್ಡೂರಿಗೆ ಎರಡು ತಾಲೂಕು. ತುಂಗಭದ್ರೆಯ ಕಂಪ್ಲಿ ಸೇತುವೆಗೆ ಎರಡು ಜಿಲ್ಲೆ: ಈಚೆ ಬಳ್ಳಾರಿ, ಆಚೆ ಕೊಪ್ಪಳ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಆ ಸೇತುವೆ ಮುಳುಗುತ್ತೆ, ಕಂಪ್ಲಿ ಗಂಗಾವತಿ ನಡುವಿನ ಬಸ್ಸು ಸುತ್ತು ಹಾಕುತ್ತೆ. ಎರಡು ದಂಡೆಗೆ ಇಬ್ಬರು ಶಾಸಕರು, ಇಬ್ಬರು ಅಧಿಕಾರಿಗಳು. ಇಬ್ಬರದೂ ಅಂದರೆ ಯಾರದೂ ಅಲ್ಲ. ಅಣ್ಣ ತಮ್ಮಂದಿರ ನಡುವಿನ ಬೇಲಿ ಹಾಗೆ ಬಿದ್ದೇ ಇರುತ್ತೆ.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಲಂಡನ್ನಿನ ಥೇಮ್ಸ್ ನದಿಯ ಮೇಲೆ 1887ರಲ್ಲಿ ತೆರೆದ ಹ್ಯಾಮರ್‌ಸ್ಮಿತ್ ಸೇತುವೆ ಇದೆ. ಎರಕದ ಕಬ್ಬಿಣದಲ್ಲಿ ಬಿರುಕು ಕಂಡು 2019ರ ಏಪ್ರಿಲ್‌ನಲ್ಲಿ ಮೋಟಾರು ವಾಹನ ನಿಲ್ಲಿಸಿದರು. 2020ರ ಆಗಸ್ಟ್‌ನಲ್ಲಿ ನಡೆಯುವವರನ್ನೂ ನಿಲ್ಲಿಸಿದರು. 2021ರ ಜುಲೈನಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ ಬಿಟ್ಟರು. ಸೇತುವೆಯ ಒಡೆತನ ಉತ್ತರ ದಂಡೆಯ ಕೌನ್ಸಿಲ್ಲಿನದು. ದಕ್ಷಿಣ ದಂಡೆಯ ಜನ ಬೇರೆ ಕೌನ್ಸಿಲ್ಲಿನವರು. ದುಡ್ಡು ಯಾರು ಹಾಕಬೇಕು ಅಂತ ಕೌನ್ಸಿಲ್ಲು, ನಗರದ ಸಾರಿಗೆ ಸಂಸ್ಥೆ, ದೇಶದ ಸರ್ಕಾರ ಕಿತ್ತಾಡುತ್ತಾ 2025 ಬಂದರೂ ಒಂದು ಬಸ್ಸು ದಾಟಲಿಲ್ಲ. ನಮ್ಮನ್ನು ಇನ್ನೂರು ವರ್ಷ ಆಳಿದವರ ರಾಜಧಾನಿಯಲ್ಲೇ ಹೀಗೆ! ಒಂದು ವ್ಯತ್ಯಾಸ ಇದೆ. ಅಲ್ಲಿಯ ಜನಕ್ಕೆ ಪಕ್ಕದಲ್ಲಿ ಇನ್ನೊಂದು ಸೇತುವೆ, ನೆಲದಡಿಯ ರೈಲು ಇವೆ. ನಮ್ಮ ಜನಕ್ಕೆ ಹರಿಗೋಲು.

ಇನ್ನು ದುಡ್ಡಿನ ಮಾತು. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆ 2013ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿತು. ಒಳ್ಳೆಯ ಕೆಲಸ. ಆದರೆ ಅದರೊಳಗೆ 7(ಡಿ) ಅಂತ ಒಂದು ಕಲಂ ಸೇರಿಸಿದರು. ಎಲ್ಲರಿಗೂ ಸೇರಿದ ಮೂಲಸೌಕರ್ಯದ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ನಮ್ಮ ಜನರಿಗಾಗಿ ಖರ್ಚಾಯಿತು ಅಂತ ಭಾವಿಸಿ ಲೆಕ್ಕ ಬರೆಯುವುದಕ್ಕೆ ಅದು ದಾರಿ ಮಾಡಿತು. ಭಾವಿಸುವುದು! ಊಟ ಹಾಕದೆ ಉಂಡ ಅಂತ ಭಾವಿಸುವ ಹಾಗೆ. ಚಳವಳಿ ಹೋರಾಡಿತು, 2023ರಲ್ಲಿ ಆ ಕಲಂ ತೆಗೆದರು. ನಾವು ಕೇಳುವುದು ಇಷ್ಟು: ಎಲ್ಲರ ರಸ್ತೆ ಕಟ್ಟುವಾಗ ನಮ್ಮ ಪಾಲಿನ ಲಾಭ ಎಷ್ಟು ಅಂತ ಗುಣಿಸುವುದಕ್ಕೆ ನಿಮಗೆ ಹತ್ತು ವರ್ಷ ಗಣಿತ ಬಂದಿತ್ತು. ಸೇತುವೆ ಮುಚ್ಚಿದಾಗ ನಮ್ಮ ಪಾಲಿನ ನಷ್ಟ ಎಷ್ಟು ಅಂತ ಗುಣಿಸುವಾಗ ಮಾತ್ರ ಆ ಗಣಿತ ಯಾಕೆ ಮರೆತುಹೋಯಿತು?

ಒಂದು ಮಾತು ಸ್ಪಷ್ಟ ಮಾಡಬೇಕು. ಮುರಿಯುವ ಸೇತುವೆ ಮೇಲೆ ಬಸ್ಸು ಬಿಡಿ ಅಂತ ನಾವು ಕೇಳುತ್ತಿಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ತೂಗುಸೇತುವೆ ಹರಿದು 135 ಜನ ಸತ್ತರು. 2025ರ ಜುಲೈ 9ರ ಬೆಳಿಗ್ಗೆ ಅದೇ ರಾಜ್ಯದಲ್ಲಿ ಮಹಿ ನದಿಯ ಗಂಭೀರಾ ಸೇತುವೆ ಮುರಿದು ವಾಹನಗಳು ನದಿಗೆ ಬಿದ್ದವು, ಕನಿಷ್ಠ 20 ಜನರ ಜೀವ ಹೋಯಿತು. 1985ರ ಸೇತುವೆ ಅದು. ಮುಚ್ಚಬೇಕಾದಾಗ ಮುಚ್ಚದೆ ಕೊಂದರು. ಸಾಯುವುದಕ್ಕಿಂತ ಸುತ್ತುವುದು ಮೇಲು, ಒಪ್ಪಿದೆವು. ಮುಚ್ಚಿದ್ದು ತಪ್ಪಲ್ಲ. ಮುಚ್ಚಿ ಕೈತೊಳೆದುಕೊಂಡದ್ದು ತಪ್ಪು.

ತುಂಬಿದ ಬಸ್ಸು ಹದಿನೈದು ಟನ್ನಿನ ಆಸುಪಾಸು ತೂಗುತ್ತೆ, ಕಾರು ಒಂದೂವರೆ ಟನ್ನು, ಹಾಗಾಗಿ ಕಾರು ಬಿಡಬಹುದು, ಬಸ್ಸು ಬಿಡಲಾಗದು ಅಂತ ಇಂಜಿನಿಯರು ಹೇಳುತ್ತಾರೆ. ಕಂಬದ ಮೇಲೆ ಬೀಳುವ ಭಾರದ ಲೆಕ್ಕದಲ್ಲಿ ಅದು ಸರಿ. ಸರಿ ಇದ್ದರೆ, ಕಾರು ತಡೆಯುವ ಸೇತುವೆ ಸಣ್ಣ ವ್ಯಾನನ್ನು ತಡೆಯುವುದಿಲ್ಲವಾ? ಸಾರಿಗೆ ಸಂಸ್ಥೆ ಹನ್ನೆರಡು ಸೀಟಿನ ವ್ಯಾನು ಓಡಿಸಲಿ. ಅದೂ ಆಗದಿದ್ದರೆ ಈಚೆ ದಂಡೆಗೊಂದು ಬಸ್ಸು, ಆಚೆ ದಂಡೆಗೊಂದು ಬಸ್ಸು ನಿಲ್ಲಿಸಲಿ. ಸೇತುವೆಯನ್ನು ನಾವು ನಡೆದು ದಾಟುತ್ತೀವಿ. ನಡೆಯುವುದು ನಮಗೆ ಹೊಸದಲ್ಲ. ಇಂಜಿನಿಯರಿಗೆ ಗೊತ್ತಿರುವುದು ಎಷ್ಟು ಭಾರ ದಾಟಬಹುದು ಅನ್ನುವುದು. ಆ ಭಾರದೊಳಗೆ ಯಾರು ದಾಟಬೇಕು ಅನ್ನುವುದು ಇಂಜಿನಿಯರಿಂಗ್ ಅಲ್ಲ, ರಾಜಕೀಯ.

ಕಾನೂನು ಏನು ಹೇಳುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಸಾರ್ವಜನಿಕರ ಸುರಕ್ಷತೆಗಾಗಲಿ, ರಸ್ತೆ ಸೇತುವೆಯ ಸ್ಥಿತಿಯ ಕಾರಣಕ್ಕಾಗಲಿ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ವಾಹನಗಳನ್ನು ನಿಷೇಧಿಸಬಹುದು. ನಿಷೇಧ ಒಂದು ತಿಂಗಳಿಗಿಂತ ಹೆಚ್ಚು ಇದ್ದರೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಒಂದು ತಿಂಗಳೊಳಗಾದರೆ ಊರಲ್ಲಿ ಪ್ರಚಾರ ಮಾಡಿದರೆ ಸಾಕು. ನಿಮ್ಮೂರ ಸೇತುವೆಯ ಬೋರ್ಡಿನ ಹಿಂದೆ ಇಂಥ ಆದೇಶ ಇದೆಯಾ, ಯಾವ ತಾರೀಖಿನದು, ಎಲ್ಲಿಯವರೆಗೆ ಅಂತ ಕೇಳಿದ್ದೀರಾ? ಆ ಕಲಂ ವಾಹನದ ಬಗ್ಗೆ ಮಾತಾಡುತ್ತೆ. ವಾಹನದೊಳಗೆ ಕೂತಿದ್ದ ಮನುಷ್ಯ ಮುಂದೇನು ಮಾಡಬೇಕು ಅಂತ ಅದರಲ್ಲಿಲ್ಲ. ಆ ಇಲ್ಲದ ಸಾಲನ್ನು ಬರೆಸುವುದು ನಮ್ಮ ಕೆಲಸ.

ಅದಕ್ಕೆ ನಮ್ಮ ಒತ್ತಾಯಗಳು:

ಒಂದು: ಸೇತುವೆ ಮುಚ್ಚುವ ಆದೇಶದಲ್ಲೇ ಬದಲಿ ಬಸ್ಸಿನ ವೇಳಾಪಟ್ಟಿ ಇರಬೇಕು. ಬಸ್ಸಿನ ಏರ್ಪಾಡು ಮುಗಿದ ಮೇಲೇ ಕಂಬ ನೆಡಬೇಕು. ಅಪಾಯ ತುರ್ತಾಗಿದ್ದರೆ ಅದೇ ದಿನ ಎರಡು ದಂಡೆಗೂ ಬಸ್ಸು ಬರಬೇಕು.

ಎರಡು: ವಿದ್ಯಾರ್ಥಿ ಪಾಸು ಎಲ್ಲ ಸುತ್ತು ದಾರಿಗೂ ನಡೆಯಬೇಕು. ಸುತ್ತು ದಾರಿಯ ಟಿಕೆಟ್ಟಿಗೆ ಹಳೇ ದರವೇ ಇರಬೇಕು. ದಾರಿ ಕೆಡಿಸಿದ್ದು ಪ್ರಯಾಣಿಕ ಅಲ್ಲ.

ಮೂರು: ಆ ದಂಡೆಯ ವಿದ್ಯಾರ್ಥಿಗಳ ಹಾಜರಿಗೆ ವಿನಾಯಿತಿ ಕೊಡಬೇಕು. ವರ್ಷದ ನಡುವೆಯಾದರೂ ಹಾಸ್ಟೆಲಿನಲ್ಲಿ ಸೀಟು ಕೊಡಬೇಕು, ಹೆಣ್ಣುಮಕ್ಕಳಿಗೆ ಮೊದಲು.

ನಾಲ್ಕು: ಮುಚ್ಚಿದ್ದು ಯಾರು, ಯಾಕೆ, ಯಾವಾಗ, ಯಾವತ್ತಿನವರೆಗೆ, ರಿಪೇರಿಗೆ ಎಷ್ಟು ಹಣ, ಯಾವ ಅಧಿಕಾರಿ ಹೊಣೆ, ಇಷ್ಟೂ ಕನ್ನಡದಲ್ಲಿ ಸೇತುವೆಯ ಎರಡೂ ತುದಿಯಲ್ಲಿ ಬರೆದಿರಬೇಕು.

ಐದು: ರೇಷನ್ನು, ಔಷಧಿ, 108, ಅಗ್ನಿಶಾಮಕ ಇವು ಕತ್ತರಿಸಿಹೋದ ದಂಡೆಗೆ ಹೇಗೆ ಬರುತ್ತವೆ ಅಂತ ಗ್ರಾಮಸಭೆಯ ಮುಂದೆ, ನಮ್ಮ ಕೇರಿಯವರು ಕೂತಿರುವಾಗ, ಹೇಳಬೇಕು.

ಒತ್ತಾಯ ಬರೆದು ಮನವಿ ಕೊಟ್ಟು ಬಂದರೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಕಲೆಕ್ಟರ್ ಕಚೇರಿಯ ಕಪಾಟು ಮನವಿಗಳ ಸುಡುಗಾಡು. ಅದಕ್ಕೆ ಮನವಿಯ ಜೊತೆ ಲೆಕ್ಕ ಒಯ್ಯಬೇಕು. ಆ ಲೆಕ್ಕ ಸರ್ಕಾರದ ಹತ್ತಿರ ಇಲ್ಲ. ಯಾರ ಹತ್ತಿರವೂ ಇಲ್ಲ. ನಾವೇ ಬರೆಯಬೇಕು.

ಹೀಗೆ ಮಾಡೋಣ. ನಿಮ್ಮ ಹಾಸ್ಟೆಲಿನಲ್ಲಿ ಮುಚ್ಚಿದ ಸೇತುವೆಯ ಆಚೆ ದಂಡೆಯವರು ಇದ್ದೇ ಇರುತ್ತಾರೆ. ರಜೆಗೆ ಊರಿಗೆ ಹೋದಾಗ ನಾಲ್ಕು ಜನ ಜೊತೆಯಾಗಿ ಒಂದು ನೋಟ್‌ಬುಕ್ಕು ಹಿಡಿದು ಬೆಳಿಗ್ಗೆ 6ರಿಂದ 10ರವರೆಗೆ ಸೇತುವೆಯ ಎರಡೂ ತುದಿಯಲ್ಲಿ ನಿಲ್ಲಿ. ಎಷ್ಟು ಜನ ನಡೆದು ದಾಟಿದರು, ಎಷ್ಟು ಜನ ಹುಡುಗಿಯರು, ತಲೆ ಮೇಲೆ ಏನು ಹೊರೆ, ಎಲ್ಲಿಗೆ, ಎಷ್ಟು ಹೊತ್ತಿನ ದಾರಿ, ದಿನಕ್ಕೆ ಎಷ್ಟು ಖರ್ಚು, ಇಷ್ಟು ಬರೆದುಕೊಳ್ಳಿ. ಕಾರಿನಲ್ಲಿ ಎಷ್ಟು ಜನ ದಾಟಿದರು ಅಂತಲೂ ಬರೆಯಿರಿ. ನಮಗೆ ಸುಳ್ಳು ಬೇಕಾಗಿಲ್ಲ. ಆಮೇಲೆ ಕೇರಿಗೆ ಹೋಗಿ ಮನೆ ಮನೆ ಕೇಳಿ: ಈ ವರ್ಷ ಶಾಲೆ ಬಿಟ್ಟವರು ಯಾರು, ಕೆಲಸ ಬಿಟ್ಟವರು ಯಾರು, ಆಸ್ಪತ್ರೆಗೆ ತಡವಾಗಿ ಹೋದವರು ಯಾರು. ಹೇಳುವವರಿಗೆ ಮನಸ್ಸಿದ್ದರೆ ಮಾತ್ರ ಹೆಸರು ಬರೆಯಿರಿ.

ಇನ್ನೊಂದು ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ 10 ರೂಪಾಯಿ ಶುಲ್ಕಕ್ಕೆ ಅರ್ಜಿ ಹಾಕಬಹುದು. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಕಲಾ ವಿಭಾಗದಲ್ಲಿ ಪ್ರಬಂಧ ಬರೆದು ರೂಢಿಯಾದವರು ಸ್ವಲ್ಪ ಕೈ ಬಿಗಿಹಿಡಿಯಿರಿ! ಕೇಳಬೇಕಾದ್ದು ಇಷ್ಟೇ: ಮುಚ್ಚಿದ ಆದೇಶದ ನಕಲು, ಸೇತುವೆ ಪರೀಕ್ಷಿಸಿದ ವರದಿಯ ನಕಲು, ಬದಲಿ ಬಸ್ಸಿಗಾಗಿ ಬರೆದ ಪತ್ರಗಳ ನಕಲು. ಮೂರನೇದಕ್ಕೆ ಲಭ್ಯವಿಲ್ಲ ಅಂತ ಉತ್ತರ ಬಂದರೆ ಎಸೆಯಬೇಡಿ. ಅದೇ ನಮ್ಮ ಮುಖ್ಯ ದಾಖಲೆ. ಬಸ್ಸಿನ ಬಗ್ಗೆ ಯಾರೂ ಯೋಚಿಸಲಿಲ್ಲ ಅಂತ ಸರ್ಕಾರವೇ ಸಹಿ ಮಾಡಿ ಕೊಟ್ಟ ಹಾಗೆ.

ಅದನ್ನೆಲ್ಲ ತಗೊಂಡು ಬನ್ನಿ. ಈ ಪತ್ರಿಕೆಯ ಪುಟಗಳು ಕಡಿಮೆ, ಮಸಿ ಹರಡುತ್ತೆ, ಕಾಗದ ಒರಟು. ಆದರೆ ನಿಮ್ಮೂರ ಸೇತುವೆಯ ಲೆಕ್ಕಕ್ಕೆ ಇದರಲ್ಲಿ ಜಾಗ ಇದೆ. ಹತ್ತು ಸೇತುವೆಯ ಲೆಕ್ಕ ಒಟ್ಟಾದರೆ ಅದು ಹತ್ತು ಊರಿನ ಗೋಳು ಅಲ್ಲ, ಒಂದು ವ್ಯವಸ್ಥೆಯ ಮೇಲಿನ ಚಾರ್ಜ್‌ಶೀಟು. ನದಿಯ ಆಚೆ ದಂಡೆಯಲ್ಲಿ ಪಕ್ಕದ ಕೇರಿಯವನಷ್ಟೇ ಕಷ್ಟದಲ್ಲಿರುವ ಬೇರೆ ಜಾತಿಯ ಬಡವನನ್ನೂ ಕರೆಯಿರಿ. ಅವನ ಮಗಳೂ ಅದೇ ಬಸ್ಸಿಗೆ ಕಾದಿದ್ದಾಳೆ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತವರು ಬಸ್ಸಿಗಾಗಿ ಒಂದೇ ಸಾಲಿನಲ್ಲಿ ನಿಲ್ಲಲಿ.

ಬಸ್ಸು ಘನ ವಾಹನ ಅಂತ ಸರ್ಕಾರವೇ ಹೆಸರಿಟ್ಟಿದೆ. ಇರಲಿ. ಅದರಲ್ಲಿ ಕೂರುವವರ ಘನತೆಯನ್ನೂ ಅದೇ ಸರ್ಕಾರದಿಂದ ಲೆಕ್ಕಕ್ಕೆ ಬರೆಸೋಣ.

ಜೈ ಭೀಮ್.